ಕೊರಿಯಾದ ಧಾರಾವಾಹಿಗಳೂ ತಕ್ಕ ಆ್ಯಪಿನ ಆಯ್ಕೆಯೂ

ಈ ವಿಷಯವಾಗಿ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೊಡುತ್ತೇನೆಂದಾಗ ಸಂಪಾದಕ ಮಂಡಲಿಯ ಗೆಳೆಯರೊಬ್ಬರು ನಕ್ಕುಬಿಟ್ಟರು. "ಪಂಪನ ಮೇಲೆ ಎರಡು ಬಂದಿವೆ, ಪಂಚಾಯತ್ ರಾಜ್ಯದ ಮೇಲೆ ಮೂರು ಬಂದಿವೆ, ಅವುಗಳ ನಡುವೆ ಇದನ್ನು ಎಲ್ಲಿ ಕೂರಿಸಲಿ?" ಎಂದರು. ಪ್ರಶ್ನೆ ನ್ಯಾಯವಾದುದೇ. ಆದರೆ ರಾತ್ರಿ ಹನ್ನೊಂದರ ಮೇಲೆ ನಮ್ಮ ವಿದ್ಯಾರ್ಥಿನಿಲಯದ ಕೋಣೆಗಳಲ್ಲಿ ಕಂಬಳಿಗಳ ಒಳಗಿನಿಂದ ಹೊರಸೂಸುವ ಬೆಳಕು ಪಂಪಭಾರತದ ವ್ಯಾಸಂಗದ್ದಲ್ಲವೆಂಬುದು ನಿಲಯಪಾಲಕರಿಗೂ ತಿಳಿದ ಸಂಗತಿ. ನೋಡುವವರು ಇಷ್ಟು ಮಂದಿ ಇರುವಾಗ ಅದನ್ನು ಕುರಿತು ನಾಲ್ಕು ಮಾತು ಬರೆಯುವುದರಲ್ಲಿ ತಪ್ಪೇನೂ ಕಾಣದು.

"ಕೊರಿಯಾದ ಧಾರಾವಾಹಿ ನೋಡುವುದಕ್ಕೆ ಯಾವ ಆ್ಯಪ್ ಒಳ್ಳೆಯದು?" ಎಂದು ನನ್ನನ್ನು ಕೇಳುವವರುಂಟು. ಹೋಗಬೇಕಾದ ಊರನ್ನು ಹೇಳದೆ ಯಾವ ಬಸ್ಸು ಒಳ್ಳೆಯದೆಂದು ಕೇಳಿದಂತೆ ಇದು. ನನಗಾದರೂ ಈ ವಿಷಯದಲ್ಲಿ ತಿಳಿವಳಿಕೆ ಬಂದುದು ಸುಖಾಸುಮ್ಮನೆ ಅಲ್ಲ. ನಾಲ್ವರು ಸೇರಿ ಹಣ ಕಳೆದುಕೊಂಡ ಮೇಲೆ, ಅದಕ್ಕಿಂತ ಹೆಚ್ಚಾಗಿ ನಮ್ಮ ಅಜ್ಜಿಯ ದೆಸೆಯಿಂದ.

ಕಳೆದ ಬೇಸಗೆಯ ರಜಕ್ಕೆ ನಾನು ಊರಿಗೆ ಹೋದಾಗ ಅಜ್ಜಿ ಅಂಗಳದಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆಯಲ್ಲಿದ್ದರು. ಎಂದೂ ಕುಳಿತವರಲ್ಲ, ಮಲಗಿಯೇ ಇರಬೇಕೆಂದರೆ ಅವರಿಗೆ ನೋವಿಗಿಂತ ಬೇಸರವೇ ದೊಡ್ಡದಾಯಿತು. ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ನಾನು ಫೋನಿನಲ್ಲಿ ಏನನ್ನೋ ನೋಡುತ್ತಿದ್ದಾಗ, ಅದರೊಳಗಿನ ಹುಡುಗಿಯೊಬ್ಬಳು ಅಳುತ್ತಾ "ಅಪ್ಪಾ" ಎಂದು ಕೂಗಿದಳು. ಅಜ್ಜಿ ತಟ್ಟನೆ ತಲೆ ತಿರುಗಿಸಿ, "ಕನ್ನಡದ್ದೇನೋ?" ಎಂದರು. ಕೊರಿಯಾದ ಭಾಷೆಯಲ್ಲಿಯೂ ಮಕ್ಕಳು ತಂದೆಯನ್ನು ಕರೆಯುವುದು ಅಪ್ಪ ಎಂದೇ. ತಾಯಿಯನ್ನು ಕರೆಯುವ 'ಒಮ್ಮಾ' ಎಂಬುದೂ ನಮ್ಮ ಅಮ್ಮನಿಂದ ಬಹು ದೂರವಿಲ್ಲ. (ಈ ಬಗೆಯ ಹೋಲಿಕೆಗಳನ್ನು ಕಂಡು ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಮಹನೀಯರು 1905ರಲ್ಲಿ ಕೊರಿಯಾದ ಭಾಷೆಗೂ ದ್ರಾವಿಡ ಭಾಷೆಗಳಿಗೂ ಒಂದು ತೌಲನಿಕ ವ್ಯಾಕರಣವನ್ನೇ ಬರೆದರು. ಇಂದಿನ ಭಾಷಾವಿದರು ಆ ನಂಟಸ್ತಿಕೆಯನ್ನು ಒಪ್ಪುವುದಿಲ್ಲ. ನಮ್ಮ ಅಜ್ಜಿ ಒಪ್ಪುತ್ತಾರೆ.)

ಅಂದಿನಿಂದ ಅಜ್ಜಿಗೆ ನಾನು ಆ ಧಾರಾವಾಹಿಯನ್ನು ಓದಿ ಹೇಳತೊಡಗಿದೆ. 'ರಿಪ್ಲೈ 1988' ಎಂದು ಅದರ ಹೆಸರು. ಟಿವಿಎನ್ ವಾಹಿನಿಯಲ್ಲಿ 2015-16ರಲ್ಲಿ ಪ್ರಸಾರವಾದ 20 ಕಂತುಗಳ ಕಥೆ. ಸಿಯೋಲ್ ನಗರದ ಸಾಂಗ್‌ಮುನ್-ದೊಂಗ್ ಎಂಬಲ್ಲಿಯ ಒಂದು ಓಣಿ, ಅದರಲ್ಲಿ ಐದು ಮನೆ, 1988ರ ಒಲಿಂಪಿಕ್ಸಿನ ವರ್ಷ. ಒಂದು ಮನೆಯಲ್ಲಿ ಏನು ಬೇಯಿಸಿದರೂ ಮಕ್ಕಳ ಕೈಯಲ್ಲಿ ಬಟ್ಟಲು ಕೊಟ್ಟು ನೆರೆಮನೆಗೆ ಕಳುಹುವುದು, ಆ ಬಟ್ಟಲು ಬರಿದಾಗಿ ಹಿಂದಿರುಗದೆ ಇನ್ನೇನನ್ನೋ ಹೊತ್ತು ಬರುವುದು—ಇದನ್ನು ನೋಡಿ ಅಜ್ಜಿ, "ಇವರು ನಮ್ಮ ಕಡೆಯವರೇ" ಎಂದು ತೀರ್ಪು ಕೊಟ್ಟರು. ನಡುವಿನ ಮಗಳಿಗೆ ಬೇರೆ ಹುಟ್ಟುಹಬ್ಬವೇ ಇಲ್ಲದೆ ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲಿಯೇ ಅವಳದನ್ನೂ ಮುಗಿಸಿಬಿಡುವ ಪ್ರಸಂಗ ಬಂದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅಜ್ಜಿಯೂ ನಡುವಿನ ಮಗಳೇ.

ಇಂಗ್ಲಿಷಿನಲ್ಲಿ ಬರುವ ಅಡಿಬರಹವನ್ನು, ಅಂದರೆ ಸಬ್‌ಟೈಟಲನ್ನು, ಕಣ್ಣಿನಲ್ಲಿ ಓದಿ ಬಾಯಲ್ಲಿ ಕನ್ನಡ ಮಾಡಿ ಹೇಳುವ ಈ ಕೆಲಸ ಗಮಕದ ವ್ಯಾಖ್ಯಾನಕಾರರಿಗೆ ಸುಲಭವಾಗಿರಬಹುದು, ನನಗೆ ಬೆವರಿಳಿಯಿತು. ಹತ್ತು ಸೆಕೆಂಡು ಹಿಂದಕ್ಕೆ ಜಗ್ಗುವ ಗುಂಡಿಯಿರುವ ಆ್ಯಪ್ ಇಲ್ಲದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ. ನಿಧಾನಗತಿಯಲ್ಲಿ ಓಡಿಸುವ ಅನುಕೂಲವೂ ಇತ್ತು. ಅದನ್ನು ಒಮ್ಮೆ ಉಪಯೋಗಿಸಿದೆ, ಅಜ್ಜಿ "ಆ ಹುಡುಗನಿಗೆ ಜ್ವರವೇ?" ಎಂದು ಕೇಳಿದ ಮೇಲೆ ಬಿಟ್ಟುಬಿಟ್ಟೆ.

ಹೀಗೆ ಮಾಡುತ್ತ ಹೋದಂತೆ ನನಗೆ ಸ್ಪಷ್ಟವಾದುದು ಇದು: ಭಾಷೆ ಬಾರದ ನಮಗೆ ನಾಟಕವೆಂದರೆ ಅರ್ಧಕ್ಕೆ ಮೇಲ್ಪಟ್ಟು ಆ ಕೆಳಗಿನ ಒಂದೂವರೆ ಸಾಲೇ. ಆ್ಯಪಿನಲ್ಲಿ ಎಷ್ಟು ಸಾವಿರ ಚಿತ್ರಗಳಿವೆ, ಅದರ ಬಣ್ಣ ಯಾವುದು ಎಂಬುದೆಲ್ಲ ಆಮೇಲಿನ ಮಾತು. ಆ ಸಾಲನ್ನು ಬರೆದವರು ಯಾರು, ಹೇಗೆ ಬರೆದಿದ್ದಾರೆ ಎಂಬುದನ್ನು ಮೊದಲು ನೋಡತಕ್ಕದ್ದು.

ಒಂದೆರಡು ಉದಾಹರಣೆ ಕೊಡುತ್ತೇನೆ. 2021ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ 'ಸ್ಕ್ವಿಡ್ ಗೇಮ್' ಅನ್ನು ನೋಡದವರು ವಿರಳ. ಅದರಲ್ಲಿ ಅಲಿ ಎಂಬ ಪಾಕಿಸ್ತಾನದ ಕೂಲಿಯ ಪಾತ್ರವನ್ನು ನಮ್ಮ ದೇಶದ ಅನುಪಮ್ ತ್ರಿಪಾಠಿ ವಹಿಸಿದ್ದಾರೆ. ಅಲಿ ಮೊದಲು ಸಾಂಗ್-ವೂ ಎಂಬಾತನನ್ನು 'ಸಾಜಾಂಗ್‌ನಿಮ್' ಎನ್ನುತ್ತಾನೆ. ನಮ್ಮ ಲೆಕ್ಕದಲ್ಲಿ 'ಧಣಿ'. ಆತ, ಹಾಗೆ ಕರೆಯಬೇಡ, 'ಹ್ಯೊಂಗ್' ಎಂದು ಕರೆ ಎನ್ನುತ್ತಾನೆ. ಹ್ಯೊಂಗ್ ಎಂದರೆ ಅಣ್ಣ. ಮುಂದೆ ಗೋಲಿಯಾಟದ ಕಂತಿನಲ್ಲಿ ಆ ಅಣ್ಣನೇ ತಮ್ಮನನ್ನು ವಂಚಿಸಿ ಸಾವಿಗೆ ನೂಕುತ್ತಾನೆ. ಇಂಗ್ಲಿಷ್ ಅಡಿಬರಹದಲ್ಲಿ 'ಅಣ್ಣ' ಇರುವ ಕಡೆ ಬರಿಯ ಹೆಸರು, 'ಸಾಂಗ್-ವೂ'. ಧಣಿ ಅಣ್ಣನಾದುದೂ ಕಾಣಲಿಲ್ಲ, ಅಣ್ಣ ಕತ್ತು ಕೊಯ್ದುದೂ ಕಾಣಲಿಲ್ಲ. ಇಂಗ್ಲಿಷಿನವರು ಅಣ್ಣನನ್ನು ಹೆಸರು ಹಿಡಿದೇ ಕರೆಯುವವರಾದುದರಿಂದ ಅನುವಾದಕರದು ಪೂರಾ ತಪ್ಪೆನ್ನಲಾಗದು. ಆದರೆ ಕನ್ನಡಕ್ಕೆ ಈ ಮಾತು ಒಂದು ಕೂದಲೆಳೆಯಷ್ಟೂ ಕೊಂಕದೆ ಬರುತ್ತಿತ್ತಲ್ಲ ಎಂದು ಹೊಟ್ಟೆ ಉರಿಯುತ್ತದೆ. ಕೊರಿಯಾದವರಲ್ಲಿ ನೀನು-ನೀವು ಎಂಬ ಭೇದ ನಮ್ಮಂತೆಯೇ ಉಂಟು, ನಮಗಿಂತ ಜಟಿಲವಾಗಿ ಉಂಟು. ಕ್ರಿಯಾಪದ ಬರುವುದೂ ವಾಕ್ಯದ ಕೊನೆಗೆ. ಇಂಗ್ಲಿಷಿನಲ್ಲಿ 'ಇಲ್ಲ' ಎಂಬುದು ಮೊದಲೇ ಬಂದುಬಿಡುವುದರಿಂದ, ನಾಯಕಿ ಇನ್ನೂ ತಡವರಿಸುತ್ತಿರುವಾಗಲೇ ಓದುವವನಿಗೆ ಉತ್ತರ ತಿಳಿದುಹೋಗಿರುತ್ತದೆ.

ಇನ್ನೊಂದು, 2022ರ 'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ'. ಅದರ ನಾಯಕಿ ವೂ ಯಂಗ್-ವೂ ಎಂಬ ವಕೀಲೆ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ತನ್ನ ಹೆಸರು ಒಂದೇ ಎಂದು ಹೇಳಿಕೊಂಡು, ಅಂಥವೇ ಐದು ಶಬ್ದಗಳನ್ನು ಪಟಪಟನೆ ಒಪ್ಪಿಸುವುದು ಅವಳ ಅಭ್ಯಾಸ. ಕೊರಿಯನ್ನಿನಲ್ಲಿ ಅವು ಒಂದು ಬಗೆಯ ಬಾತುಕೋಳಿ, ಟೊಮ್ಯಾಟೊ, ಸ್ವಿಟ್ಜರ್ಲೆಂಡ್, ಭಾರತೀಯ, ಉಲ್ಕೆ ಎಂಬ ಅರ್ಥದವು. ಹೌದು, 'ಇನ್-ದೊ-ಇನ್' ಎಂದು ನಾವೂ ಅದರಲ್ಲಿ ಸೇರಿದ್ದೇವೆ! ಇಂಗ್ಲಿಷ್ ಅಡಿಬರಹದಲ್ಲಿ ಅವೆಲ್ಲ ಹೋಗಿ ಕಯಾಕ್, ಡೀಡ್, ರೊಟೇಟರ್, ನೂನ್, ರೇಸ್‌ಕಾರ್ ಎಂದಾಗಿವೆ. ಇಲ್ಲಿ ಅನುವಾದಕರ ಜಾಣತನವನ್ನು ಮೆಚ್ಚಲೇಬೇಕು; ಅರ್ಥವನ್ನು ಬಿಟ್ಟು ಆಟವನ್ನು ಉಳಿಸಿಕೊಂಡರು. ಆದರೆ ಕೊರಿಯಾದ ಲಿಪಿಯಲ್ಲಿ ಈ ಆಟ ನಡೆಯುವುದು ಇಂಗ್ಲಿಷಿನಂತೆ ಬಿಡಿ ವರ್ಣಗಳಲ್ಲಲ್ಲ, ನಮ್ಮ ಅಕ್ಷರಗಳಂಥ ಇಡಿಯ ಉಚ್ಚಾರದ ಘಟಕಗಳಲ್ಲಿ. ಆದುದರಿಂದ ಗದಗ, ಕಿಟಕಿ, ನಯನ, ವಿಕಟಕವಿ ಎಂದು ಕನ್ನಡದಲ್ಲಿ ಒಂದೇ ಉಸಿರಿನಲ್ಲಿ ಹೇಳಬಹುದು, ಟೊಮ್ಯಾಟೊವನ್ನಂತೂ ಮುಟ್ಟಲೇಬೇಕಿಲ್ಲ. ನಾನು ಹಾಗೆಯೇ ಹೇಳಿದೆ. ಗದಗ ಬಂದಾಗ ಅಜ್ಜಿ ನಕ್ಕ ನಗೆ ಆ ರಜದಲ್ಲಿ ನನಗೆ ದೊರೆತ ದೊಡ್ಡ ಬಹುಮಾನ.

ಈಗ ಆ್ಯಪುಗಳ ವಿಚಾರ. ನೆಟ್‌ಫ್ಲಿಕ್ಸಿನ ಅಡಿಬರಹ ಅಚ್ಚುಕಟ್ಟಾದುದು, ಕಾಲಕ್ಕೆ ಸರಿಯಾಗಿ ಬರುವಂಥದು. ಆದರೆ ಮೇಲೆ ಹೇಳಿದಂತೆ ಅಣ್ಣ-ಅಕ್ಕಂದಿರನ್ನು ಬಹುವಾಗಿ ನುಂಗುತ್ತದೆ. ಅಲ್ಲಿ ಒಂದು ಸೂಕ್ಷ್ಮವುಂಟು. ಇಂಗ್ಲಿಷ್ ಎಂಬುದು ಕೆಲವು ಧಾರಾವಾಹಿಗಳಲ್ಲಿ ಎರಡು ಕಡೆ ಇರುತ್ತದೆ: ಒಂದು ಬರಿಯ 'ಇಂಗ್ಲಿಷ್', ಮತ್ತೊಂದು ಪಕ್ಕದಲ್ಲಿ 'ಸಿಸಿ' ಎಂದಿರುವುದು. ಎರಡನೆಯದು ಕಿವಿ ಕೇಳದವರ ಅನುಕೂಲಕ್ಕಾಗಿ, ಇಂಗ್ಲಿಷ್ ಡಬ್ಬಿಂಗಿನ ಮಾತುಗಳನ್ನು ಅನುಸರಿಸಿ ಬರೆದುದಾಗಿರುವುದುಂಟು. ತುಟಿಗಳಿಗೆ ಹೊಂದಿಸಲು ಮಾತನ್ನು ಕತ್ತರಿಸಿರುತ್ತಾರೆ. 'ಸ್ಕ್ವಿಡ್ ಗೇಮ್' ಬಂದಾಗ ಅನುವಾದ ಕೆಟ್ಟಿದೆಯೆಂದು ಎದ್ದ ಕೂಗಿನಲ್ಲಿ ಒಂದು ಪಾಲು ಈ ಸಿಸಿಯನ್ನು ನೋಡಿದುದರಿಂದ ಬಂದದ್ದು. ಮೂಲ ಧ್ವನಿಯಲ್ಲಿ ನೋಡುವವರು ಮೊದಲನೆಯದನ್ನೇ ಆರಿಸಿಕೊಳ್ಳಬೇಕು.

ವಿಕಿ ಎಂಬುದರ ದಾರಿಯೇ ಬೇರೆ. ವಿಡಿಯೊ, ವಿಕಿ ಎಂಬೆರಡು ಮಾತು ಬೆಸೆದು ಈ ಹೆಸರನ್ನು ಮಾಡಿದರು. 2007ರಲ್ಲಿ ಹುಟ್ಟಿದ ಇದನ್ನು 2013ರಲ್ಲಿ ಜಪಾನಿನ ರಾಕುಟೆನ್ ಕೊಂಡಿತು. ಇದು ಬೆಳೆದದ್ದು ಅಭಿಮಾನಿಗಳ ದುಡಿಮೆಯ ಮೇಲೆ: ಒಬ್ಬರು ದೃಶ್ಯವನ್ನು ಮಾತುಮಾತಾಗಿ ಕತ್ತರಿಸುತ್ತಾರೆ, ಒಬ್ಬರು ಅನುವಾದಿಸುತ್ತಾರೆ, ಮತ್ತೊಬ್ಬರು ತಿದ್ದುತ್ತಾರೆ, ಸಂಬಳವಿಲ್ಲ. ಅಭಿಮಾನಿಗಳಾದುದರಿಂದ ಒಪ್ಪಾ, ಉನ್ನಿ, ಹ್ಯೊಂಗ್ ಮುಂತಾದ ನಂಟಿನ ಮಾತುಗಳನ್ನು ಹಾಗೆಯೇ ಉಳಿಸುವುದು, ಗಾದೆ ಬಂದಾಗ ಆವರಣದಲ್ಲಿ ಒಂದು ಟಿಪ್ಪಣಿ ಹಾಕುವುದು ಅಲ್ಲಿ ಸಾಮಾನ್ಯ. ಅವಸರದ ಕಂತುಗಳಲ್ಲಿ ತಪ್ಪುಗಳೂ ಇರುತ್ತವೆ. ಜಾಹೀರಾತುಗಳನ್ನು ಸಹಿಸಿಕೊಂಡರೆ ಕೆಲವನ್ನು ಹಣವಿಲ್ಲದೆಯೂ ನೋಡಬಹುದು. ನನ್ನ ಅಭಿಪ್ರಾಯದಲ್ಲಿ ಭಾಷೆಯ ಕುತೂಹಲವಿರುವ ವಿದ್ಯಾರ್ಥಿಗೆ ಇದೇ ಮೇಲು.

ಆದರೆ ಬೇಕಾದ ಧಾರಾವಾಹಿ ಬೇಕಾದ ಆ್ಯಪಿನಲ್ಲಿ ಇರಬೇಕಲ್ಲ. ಕೊರಿಯಾದಲ್ಲಿ ಕೆಬಿಎಸ್, ಎಂಬಿಸಿ, ಎಸ್‌ಬಿಎಸ್, ಟಿವಿಎನ್, ಜೆಟಿಬಿಸಿ ಮೊದಲಾದ ವಾಹಿನಿಗಳು ವಾರಕ್ಕೆ ಎರಡರಂತೆ, ಹೆಚ್ಚಾಗಿ 16 ಕಂತುಗಳಲ್ಲಿ ಕಥೆ ಮುಗಿಸುತ್ತವೆ. ಹೊರದೇಶದ ಪ್ರದರ್ಶನದ ಹಕ್ಕನ್ನು ದೇಶದೇಶಕ್ಕೆ ಬೇರೆಬೇರೆಯಾಗಿ, ಇಂತಿಷ್ಟು ಕಾಲಕ್ಕೆಂದು ಮಾರುತ್ತವೆ. ಅಮೆರಿಕದ ಗೆಳತಿಗೆ ಕಾಣುವುದು ನಮಗೆ ಕಾಣದಿರುವುದೂ, ನಿನ್ನೆ ಇದ್ದುದು ಇಂದು ಮಾಯವಾಗುವುದೂ ಇದರಿಂದಲೇ. 'ಮೂವಿಂಗ್' 2023ರಲ್ಲಿ ನಮಗೆ ದೊರೆತುದು ಹಾಟ್‌ಸ್ಟಾರಿನಲ್ಲಿ. ಆ ಆ್ಯಪ್ 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆಯಿತು. ಆದಕಾರಣ ನೋಡಬೇಕೆಂದಿರುವ ನಾಲ್ಕೈದು ಹೆಸರುಗಳನ್ನು ಚೀಟಿಯಲ್ಲಿ ಬರೆದು, ಚಂದಾ ಇರುವ ಗೆಳೆಯರ ಫೋನಿನಲ್ಲಿ ಹುಡುಕಿ ನೋಡಿದ ಮೇಲೆ ಹಣ ಬಿಚ್ಚುವುದು ಲೇಸು. ಒಂದಕ್ಕೇ ಎರಡು ಹೆಸರುಂಟು: 'ಗಾಬ್ಲಿನ್' ಎಂದು ಹುಡುಕಿ ಸಿಗದಿದ್ದರೆ 'ಗಾರ್ಡಿಯನ್' ಎಂದೂ ಹುಡುಕಬೇಕು.

ನಾವು ನಾಲ್ವರು ಇದನ್ನು ಮಾಡಲಿಲ್ಲ. ವಿದ್ಯಾರ್ಥಿವೇತನ ಬಂದ ವಾರ ಒಂದು ಆ್ಯಪಿಗೆ—ಹೆಸರು ಬೇಡ—ವರ್ಷದ ಚಂದಾ ಕಟ್ಟಿದೆವು. ನಮಗೆ ಬೇಕಾದ ಧಾರಾವಾಹಿ ಇತ್ತು, ನಿಜ. ಆದರೆ ಹಿಂದಿಯ ಧ್ವನಿಯಲ್ಲಿ ಮಾತ್ರ, ಮೂಲ ಧ್ವನಿಗೆ ಬದಲಿಸಲು ದಾರಿಯಿಲ್ಲ. ಅಪ್ಪ ಹೋಗಿ ಪಾಪಾ ಆಗಿದ್ದ. ಊರಿಗೆ ಹೋದಾಗ ಅದನ್ನು ಹಚ್ಚಿದರೆ ಅಜ್ಜಿ ಐದು ನಿಮಿಷಕ್ಕೆ ಗೋಡೆಯ ಕಡೆ ಹೊರಳಿದರು. ವರ್ಷದ ಚಂದಾ ಅಗ್ಗವೆಂದು ತೋರಿದರೂ ತಿಂಗಳ ಲೆಕ್ಕದಲ್ಲಿಯೇ ಕಟ್ಟುವುದು ಜಾಣತನ. ಅಮೆರಿಕದಲ್ಲಿ ಹೆಸರುವಾಸಿಯಾಗಿದ್ದ ಡ್ರಾಮಾಫೀವರ್ 2018ರ ಅಕ್ಟೋಬರ್ 16ರಂದು ಒಮ್ಮಿಂದೊಮ್ಮೆಗೇ ಬಾಗಿಲು ಹಾಕಿತು. ನೆಟ್‌ಫ್ಲಿಕ್ಸಿನವರು ಫೋನಿಗೆ ಮಾತ್ರವೆಂದು 2019ರಲ್ಲಿ ತಿಂಗಳಿಗೆ 199 ರೂಪಾಯಿಯ ಚಂದಾ ತಂದು, 2021ರ ಡಿಸೆಂಬರಿನಲ್ಲಿ 149ಕ್ಕೆ ಇಳಿಸಿದರು. ಕಟ್ಟುವ ದಿನದ ದರವನ್ನು ಆಯಾ ಓದುಗರೇ ನೋಡಿಕೊಳ್ಳಬೇಕು.

ಡಬ್ಬಿಂಗ್ ಎಂದಮೇಲೆ ಕನ್ನಡದ ಮಾತು ಬರಲೇಬೇಕು. 'ಸ್ಕ್ವಿಡ್ ಗೇಮ್' ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತನಾಡಿತು. ನಾನು ನೋಡಿದ ಯಾವ ಕೊರಿಯನ್ ಧಾರಾವಾಹಿಯಲ್ಲಿಯೂ ಕನ್ನಡದ ಧ್ವನಿಯಾಗಲಿ ಅಡಿಬರಹವಾಗಲಿ ನನಗೆ ಸಿಗಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬರಕೂಡದೆಂದು 1960ರ ದಶಕದಿಂದ ನಡೆದ ಹೋರಾಟವನ್ನು ಹಿರಿಯ ಅಧ್ಯಾಪಕರು ಬಲ್ಲರು. ಆ ತಡೆ ಸ್ಪರ್ಧಾವಿರೋಧಿಯೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪಿತ್ತಿತು. ಚಿತ್ರೋದ್ಯಮದ ಅನ್ನದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಅಡಿಬರಹದಿಂದ ಯಾವ ನಟನ ಅನ್ನವೂ ಹೋಗದು. ಇಂಗ್ಲಿಷ್ ಬಾರದ ಅಜ್ಜಿಯರಿಗೆ ಮೊಮ್ಮಗನ ರಜ ಮುಗಿದೊಡನೆ ಕಥೆಯೂ ನಿಲ್ಲುವುದು ನ್ಯಾಯವೆ?

ಕೊನೆಯದಾಗಿ ಡೇಟಾದ ಲೆಕ್ಕ. ನೆಟ್‌ಫ್ಲಿಕ್ಸಿನಲ್ಲಿ ಡೇಟಾ ಉಳಿತಾಯದ ಏರ್ಪಾಡನ್ನು ಒತ್ತಿಕೊಂಡರೆ ಒಂದು ಜಿಬಿಗೆ ಸುಮಾರು 6 ಗಂಟೆ ನೋಡಬಹುದು. ಎಪ್ಪತ್ತು ನಿಮಿಷದ 16 ಕಂತುಗಳೆಂದರೆ ಹತ್ತಿರ ಹತ್ತಿರ 19 ಗಂಟೆ, ಮೂರು ಜಿಬಿಗೆ ಸ್ವಲ್ಪ ಮೇಲೆ. ಚಿತ್ರ ಮಸುಕಾಗುತ್ತದೆ, ಅಕ್ಷರ ಮಸುಕಾಗುವುದಿಲ್ಲ. ನಮ್ಮೂರಿನಂತೆ ಅಡಕೆಯ ಚಪ್ಪರದ ಮೂಲೆಯಲ್ಲಿ ಮಾತ್ರ ಸಿಗ್ನಲ್ ಹಿಡಿಯುವ ಕಡೆಯವರು ಪೇಟೆಯಲ್ಲಿಯೇ ಡೌನ್‌ಲೋಡ್ ಮಾಡಿಕೊಂಡು ಹೋಗಬೇಕು. ಅದಕ್ಕೂ ಅವಧಿಯುಂಟು, ಬಹಳ ಮುಂಚೆ ಮಾಡಿಟ್ಟುಕೊಂಡರೆ ತಾನೇ ಅಳಿಸಿಹೋಗುತ್ತದೆ.

ಅಜ್ಜಿ ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರಂತೆ. ಹದಿನಾಲ್ಕನೆಯ ಕಂತಿಗೆ ನಿಂತಿದ್ದೇವೆ. ಮುಂದಿನದನ್ನು ನಾನೊಬ್ಬನೇ ನೋಡಕೂಡದೆಂದು ಅವರ ಅಪ್ಪಣೆಯಾಗಿರುವುದರಿಂದ, ಪರೀಕ್ಷೆ ಮುಗಿದ ಸಂಜೆ ಉಳಿದ ಆರನ್ನು ಇಳಿಸಿಕೊಂಡು ಮರುದಿನದ ಮೊದಲ ಬಸ್ಸು ಹಿಡಿಯುವುದೆಂದು ನಿಶ್ಚಯವಾಗಿದೆ.