ಮುಖದ ಮೇಲಣ ನೆರಳು

ಇಂಗ್ಲಿಷಿನ ‘ಫೋಟೋಗ್ರಫಿ’ ಶಬ್ದದ ಮೂಲ ಗ್ರೀಕ್. ಬೆಳಕಿನಿಂದ ಬರೆಯುವುದು ಎಂದು ಅದರ ಅರ್ಥ. ನಾವಾದರೋ ಅದೇ ವಸ್ತುವನ್ನು ಛಾಯಾಚಿತ್ರವೆಂದು ಕರೆದೆವು. ಛಾಯೆಯೆಂದರೆ ನೆರಳು. ಸಂಸ್ಕೃತದಲ್ಲಿ ಅದಕ್ಕೆ ಕಾಂತಿ ಎಂಬ ಅರ್ಥವೂ ಉಂಟು. ಭಾವಚಿತ್ರದ ಮಟ್ಟಿಗಂತೂ ಈ ಎರಡು ಅರ್ಥಗಳೂ ಒಂದೇ ಎಂಬುದು ನಮ್ಮ ಅಭಿಪ್ರಾಯ.

ಮುಖವು ಉಬ್ಬುತಗ್ಗುಗಳಿಂದಾದುದು, ಕಾಗದ ಸಮತಟ್ಟಾದುದು. ಹುಬ್ಬಿನ ಏರು, ಕಣ್ಣಿನ ಗುಳಿ, ಕೆನ್ನೆಯ ಮೂಳೆ ಇವುಗಳನ್ನು ಕಾಗದದ ಮೇಲೆ ತೋರಿಸಿಕೊಡುವುದು ನೆರಳು. ಕ್ಯಾಮೆರಾದ ದಿಕ್ಕಿನಿಂದಲೇ ಬೆಳಕು ನೇರವಾಗಿ ಬಿದ್ದಾಗ ನೆರಳು ಮುಖದ ಹಿಂದೆ ಅಡಗುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ಮುಖ ಚಪ್ಪಟೆಯಾಗಿ ಕಾಣುವುದು ಇದರಿಂದಲೇ.

ಇದಕ್ಕೆ ವಿರುದ್ಧವಾದ ಪ್ರಸಿದ್ಧ ನಿದರ್ಶನವೊಂದಿದೆ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1815ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಮಹಿಳೆ. (ಆಕೆಯ ಹೆಸರಿಗೂ ಕ್ಯಾಮೆರಾ ಯಂತ್ರಕ್ಕೂ ಸಂಬಂಧವಿಲ್ಲ.) 1863ರಲ್ಲಿ, 48ನೆಯ ವಯಸ್ಸಿನಲ್ಲಿ, ಮಗಳು ಅಳಿಯಂದಿರು ಕೊಟ್ಟ ಕ್ಯಾಮೆರಾದಿಂದ ಆಕೆಯ ಸಾಧನೆ ಮೊದಲಾಯಿತು. ಇಂಗ್ಲೆಂಡಿನ ವೈಟ್ ದ್ವೀಪದ ಮನೆಯಲ್ಲಿ ಕಲ್ಲಿದ್ದಲಿನ ಕೋಣೆ ಕತ್ತಲೆಕೋಣೆಯಾಯಿತು. ಕೋಳಿಗೂಡು ಗಾಜಿನ ಚಿತ್ರಶಾಲೆಯಾಯಿತು. 1867ರಲ್ಲಿ ಆಕೆ ಖಗೋಳಶಾಸ್ತ್ರಜ್ಞ ಸರ್ ಜಾನ್ ಹರ್ಷೆಲ್ ಅವರ ಭಾವಚಿತ್ರಗಳನ್ನು ತೆಗೆದರು. ‘ಫೋಟೋಗ್ರಫಿ’ ಶಬ್ದವನ್ನು 1839ರಲ್ಲಿ ಬಳಕೆಗೆ ತಂದವರು ಇವರೇ. ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ಲವಣದ ಗುಣವನ್ನು 1819ರಲ್ಲಿಯೇ ಕಂಡುಕೊಂಡವರೂ ಇವರೇ. ಆಗ ಅವರಿಗೆ 75 ವರ್ಷ. ಹಿನ್ನೆಲೆ ಕಗ್ಗತ್ತಲೆ, ಆ ಕತ್ತಲೆಯಿಂದ ಕೆದರಿದ ಬಿಳಿಗೂದಲು, ಸುಕ್ಕುಗಟ್ಟಿದ ಹಣೆ, ದಣಿದ ಕಣ್ಣುಗಳು ಮೂಡಿಬರುತ್ತವೆ. ಚಿತ್ರಗಳು ಮಸುಕಾಗಿವೆಯೆಂದು ಅಂದಿನ ವಿಮರ್ಶಕರು ಆಕೆಯನ್ನು ಜರೆದರು. ಒಂದು ಸುಕ್ಕನ್ನೂ ಆಕೆ ಮರೆಮಾಚಲಿಲ್ಲ ಎಂಬುದು ನಮಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ.

ನಮ್ಮ ಮನೆಗಳ ಗೋಡೆಗಳನ್ನು ನೋಡಿರಿ. ಹಿರಿಯರು ಅಗಲಿದ ದಿನ ಮನೆಯವರು ಚಿತ್ರಕ್ಕಾಗಿ ಪೆಟ್ಟಿಗೆಗಳನ್ನು ತಡಕುತ್ತಾರೆ. ದೊರೆಯುವುದು ಯಾವುದೋ ಗುರುತಿನ ಚೀಟಿಯ ಚಿತ್ರ. ಅದನ್ನೇ ಹಿಗ್ಗಿಸಿ, ಬಣ್ಣ ಬಿಳುಪಾಗಿಸಿ, ಕಟ್ಟು ಹಾಕಿಸಿ ತೂಗುಹಾಕುತ್ತಾರೆ. ಹಿಂದೆ ಸ್ಟುಡಿಯೋದವರು ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ತಿದ್ದಿ ಸುಕ್ಕುಗಳನ್ನು ಅಳಿಸುತ್ತಿದ್ದರು. ಇಂದು ಎಷ್ಟೋ ಮೊಬೈಲುಗಳು ಕೇಳದೆಯೇ ಆ ಕೆಲಸ ಮಾಡುತ್ತವೆ. ಹೊಲದಲ್ಲಿ, ಒಲೆಯ ಮುಂದೆ ಎಪ್ಪತ್ತು ವರ್ಷ ಸವೆದ ಮುಖವೊಂದು ಹೀಗೆ ಮನೆಯಿಂದ ಮಾಯವಾಗುತ್ತದೆ. ಮೊಮ್ಮಕ್ಕಳು ನೋಡುವುದು ಯಾರದ್ದೂ ಅಲ್ಲದ ಮುಖವನ್ನು.

ಆದ್ದರಿಂದ ಹಿರಿಯರು ಇರುವಾಗಲೇ ಅವರ ಒಂದು ಒಳ್ಳೆಯ ಚಿತ್ರವನ್ನು ತೆಗೆದಿರಿಸಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಅವರನ್ನು ಕುಳ್ಳಿರಿಸಿ, ಮುಖವನ್ನು ಬೆಳಕಿನ ಕಡೆಗೆ ತುಸು ತಿರುಗಿಸಿ. ದೀಪವನ್ನೂ ಫ್ಲ್ಯಾಶನ್ನೂ ಆರಿಸಿ. ಕಿಟಕಿಗೆ ಬೆನ್ನು ಮಾಡಿ ನಿಲ್ಲದೆ, ಅದು ನಿಮ್ಮ ಪಕ್ಕಕ್ಕೆ ಬರುವಂತೆ ನಿಲ್ಲಿರಿ. ಬೆಳಕು ತುಸು ಮೇಲಿನಿಂದ ಓರೆಯಾಗಿ ಬಂದರೆ ನೆರಳಿನ ಕಡೆಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಸಣ್ಣದೊಂದು ಬೆಳಕಿನ ತ್ರಿಕೋನ ಮೂಡುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್‌ನ (1606–1669) ಹೆಸರಿನಿಂದಲೇ ಛಾಯಾಗ್ರಾಹಕರು ಅದನ್ನು ಕರೆಯುತ್ತಾರೆ. ನೆರಳು ತೀರ ಗಾಢವಾದರೆ ಆ ಪಕ್ಕದಲ್ಲಿ ಯಾರಾದರೂ ಬಿಳಿಯ ಪಂಚೆಯೊಂದನ್ನು ಹರಡಿ ಹಿಡಿಯಲಿ. ಅದರಿಂದ ಮರಳಿದ ಬೆಳಕು ಸಾಕು. ಹೊರಗೆ ತೆಗೆಯುವುದಾದರೆ ನಡುಹಗಲಿನ ಬಿಸಿಲು ಬೇಡ, ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ; ಜಗುಲಿಯ ನೆರಳೇ ಲೇಸು. ಗುಂಡಿ ಒತ್ತುವ ಮುನ್ನ ಅವರ ಕಣ್ಣುಗಳಲ್ಲಿ ಕಿಟಕಿಯ ಬೆಳಕಿನ ಚುಕ್ಕೆ ಕಾಣುತ್ತಿದೆಯೇ ಎಂದು ನೋಡಿರಿ. ಕಾಣದಿದ್ದರೆ, ಅಜ್ಜಿಗೆ ಗಲ್ಲವನ್ನು ಒಂದಿಷ್ಟು ಎತ್ತಲು ಹೇಳಿರಿ.