ನಡು ಗಟ್ಟಿಯಾದರೆ ಬೆನ್ನು ನೆಟ್ಟಗೆ

ಕಚೇರಿಯ ಕುರ್ಚಿ, ವಾಹನದ ಆಸನ, ಮನೆಯ ಸೋಫಾ - ಮಹಾನಗರವಾಸಿಯ ದಿನವು ಬಹುಮಟ್ಟಿಗೆ ಕುಳಿತೇ ಕಳೆಯುತ್ತದೆ. ಹೈದರಾಬಾದಿನ ಕನ್ನಡಿಗರೂ ಇದಕ್ಕೆ ಹೊರತಲ್ಲ. ಕಾಚಿಗುಡದಿಂದ ಹೈಟೆಕ್ ಸಿಟಿಗೆ ನಿತ್ಯ ಹೋಗಿಬರುವವರು ನಲವತ್ತು ದಾಟುತ್ತಲೇ ‘ಸೊಂಟ ಹಿಡಿದಿದೆ’ ಎನ್ನತೊಡಗುತ್ತಾರೆ. ಬೆನ್ನಿಗೆ ಮುಲಾಮು ಹಚ್ಚುವವರು ಅನೇಕರು. ಆ ಬೆನ್ನಿಗೆ ಆಧಾರವಾದ ನಡುವಿನ ಸ್ನಾಯುಗಳನ್ನು ಕುರಿತು ಚಿಂತಿಸುವವರು ವಿರಳ.

ಬೆನ್ನುಮೂಳೆಯು ಡೇರೆಯ ಕಂಬವಿದ್ದಂತೆ. ಸುತ್ತಲಿನ ಹಗ್ಗಗಳು ಬಿಗಿಯಾಗಿದ್ದರೆ ಮಾತ್ರ ಅದು ನಿಲ್ಲುತ್ತದೆ. ಮುಂದೆ ಹೊಟ್ಟೆಯ ಸ್ನಾಯುಗಳು, ಪಕ್ಕಗಳಲ್ಲಿ ಓರೆಸ್ನಾಯುಗಳು, ಹಿಂದೆ ಬೆನ್ನಿನ ಸ್ನಾಯುಗಳು, ಮೇಲೆ ವಪೆ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು - ಇವೇ ಆ ಹಗ್ಗಗಳು.

ಇಂತಹ ದೇಹಸಾಧನೆ ಕನ್ನಡಿಗರಿಗೆ ಹೊಸದಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ ಅವರು ಬೆಂಗಳೂರಿನ ತಮ್ಮ ಹರ್ಕ್ಯುಲೀಸ್ ವ್ಯಾಯಾಮಶಾಲೆಯಲ್ಲಿ ಭಾರಸಾಧನೆಯ ಜೊತೆಗೆ ಸೂರ್ಯನಮಸ್ಕಾರ, ಆಸನಗಳಿಗೂ ಸ್ಥಾನವಿತ್ತಿದ್ದರು. ಉಪಕರಣ ಮತ್ತು ನೆಲ, ಎರಡೂ ಬೇಕೆಂಬುದೇ ಅದರ ಸಾರ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಸಂಶೋಧನೆ ನಡೆಸಿದ ಪ್ರೊ. ಸ್ಟುವರ್ಟ್ ಮೆಕ್‌ಗಿಲ್ ಮೂರು ಸರಳ ವ್ಯಾಯಾಮಗಳನ್ನು ಸೂಚಿಸಿದ್ದಾರೆ. ಮೊದಲನೆಯದು: ಅಂಗಾತ ಮಲಗಿ, ಒಂದು ಮೊಣಕಾಲನ್ನು ಮಡಿಸಿ, ಅಂಗೈಗಳನ್ನು ಸೊಂಟದಡಿಯ ಟೊಳ್ಳಿನಲ್ಲಿಟ್ಟು, ತಲೆ-ಭುಜಗಳನ್ನು ತುಸುವೇ ಎತ್ತುವುದು. ಎರಡನೆಯದು: ಮಗ್ಗುಲಾಗಿ ಮಲಗಿ, ಮೊಣಕೈ ಮತ್ತು ಮೊಣಕಾಲುಗಳ ಆಧಾರದಿಂದ ಸೊಂಟವನ್ನು ಮೇಲೆತ್ತುವುದು. ಮೂರನೆಯದು: ಅಂಗೈ, ಮೊಣಕಾಲುಗಳನ್ನೂರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ಅನಂತರ ಬದಲಿಸುವುದು. ಪ್ರತಿಯೊಂದನ್ನೂ 10 ಸೆಕೆಂಡಿಗೆ ಮೀರದಂತೆ ಹಿಡಿದು, ವಿರಮಿಸಿ, ಪುನಃ ಮಾಡತಕ್ಕದ್ದು.

ಜಿಮ್ಮಿಗೆ ಹೋಗುವವರು ಕೇಬಲ್ ಯಂತ್ರದ ಪಕ್ಕಕ್ಕೆ ನಿಂತು, ಅದರ ಹಿಡಿಯನ್ನು ಎದೆಯ ಬಳಿ ಹಿಡಿದು, ದೇಹ ತಿರುಗದಂತೆ ಕೈಗಳನ್ನು ಮುಂದಕ್ಕೆ ಚಾಚಬಹುದು. ಭಾರ ಅಲ್ಪವಾಗಿರಲಿ. ಉಸಿರು ಕಟ್ಟಬಾರದು, ಅದರಿಂದ ರಕ್ತದೊತ್ತಡ ಏರುತ್ತದೆ.

ಎದ್ದೊಡನೆ ಸೊಂಟ ಬಾಗಿಸುವ ವ್ಯಾಯಾಮ ಸಲ್ಲದು. ರಾತ್ರಿಯಿಡೀ ನೀರು ಹೀರಿ ಉಬ್ಬಿದ ಡಿಸ್ಕುಗಳ ಮೇಲೆ ಆಗ ಒತ್ತಡ ಹೆಚ್ಚು. ಇವುಗಳಿಂದ ಹೊಟ್ಟೆಯ ಬೊಜ್ಜು ಮಾತ್ರ ಕರಗುವುದೆಂಬ ನಂಬಿಕೆಯೂ ಸರಿಯಲ್ಲ; ಅದಕ್ಕೆ ಮಿತಾಹಾರ, ನಡಿಗೆ ಬೇಕು. ನೋವು ಕಾಲಿಗಿಳಿದರೆ ವೈದ್ಯರನ್ನು ಕಾಣಬೇಕು. ಕಾಲು ಬಲಗುಂದಿದರೆ, ತೊಡೆಸಂದಿ ಮರಗಟ್ಟಿದರೆ ಅಥವಾ ಮೂತ್ರದ ಹತೋಟಿ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಣ್ಣ ಉಳಿತಾಯದಂತೆ ಇಲ್ಲಿಯೂ ಮೊತ್ತಕ್ಕಿಂತ ಕ್ರಮ ಮುಖ್ಯ. ದಿನಕ್ಕೆ ಹದಿನೈದು ನಿಮಿಷ ಕೂಡಿಟ್ಟವರು, ಊರಿಗೆ ಹೊರಟ ದಿನ ತಮ್ಮ ಪೆಟ್ಟಿಗೆಯನ್ನು ತಾವೇ ರೈಲಿಗೇರಿಸಬಲ್ಲರು.