ಯಂತ್ರ ಎದ್ದು ಎಷ್ಟು ಹೊತ್ತಾಯಿತು? ಒಂದು ಲೆಕ್ಕದ ಇತಿಹಾಸ

ಕೈಬರಹದ ಪಹಣಿಯನ್ನು ಕೈಬಿಟ್ಟು ಜಮೀನಿನ ದಾಖಲೆಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯು 2002ರ ಹೊತ್ತಿಗೆ ಕರ್ನಾಟಕದ 177 ತಾಲ್ಲೂಕು ಕೇಂದ್ರಗಳನ್ನು ತಲುಪಿತು. ಅವುಗಳಲ್ಲಿ ಗದಗ, ಶಿರಹಟ್ಟಿ, ಮುಂಡರಗಿಗಳೂ ಸೇರಿದ್ದವು, ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಲಕ್ಷ್ಮೇಶ್ವರ ಆಗ ಶಿರಹಟ್ಟಿಯ ಭಾಗವಾಗಿತ್ತು. ಅಂದಿನಿಂದ ಈ ಸೀಮೆಯ ರೈತರು ‘ಉತಾರ’ ಎಂದು ಕರೆಯುವ ಕಾಗದವು ಕೈಗೆ ಬರಬೇಕಾದರೆ ಗುಮಾಸ್ತರು ಕುರ್ಚಿಯಲ್ಲಿದ್ದರಷ್ಟೇ ಸಾಲದು, ಯಂತ್ರವೂ ಎಚ್ಚರವಾಗಿರಬೇಕು ಎಂಬ ಸ್ಥಿತಿ ಬಂದಿತು. ಕರೆಂಟು ಹೋದಾಗ, ‘ಸರ್ವರ್ ಇಲ್ಲ’ ಎಂಬ ಉತ್ತರ ಕೇಳಿದಾಗ, ಯಂತ್ರ ಯಾವಾಗ ನಿಂತಿತು, ಮತ್ತೆ ಯಾವಾಗ ಎದ್ದಿತು ಎಂಬ ಪ್ರಶ್ನೆಗೆ ಮನುಷ್ಯರ ನೆನಪು ಸರಿಯಾದ ಸಾಕ್ಷಿಯಾಗಲಾರದು. ಆ ಸಾಕ್ಷ್ಯವನ್ನು ಯಂತ್ರವೇ ನುಡಿಯಬೇಕು. ಗಣಕವು ಚಾಲನೆಗೊಂಡ ಕ್ಷಣದಿಂದ ಈವರೆಗೆ ಕಳೆದ ಕಾಲವನ್ನು ‘ಅಪ್‌ಟೈಮ್’ ಎನ್ನುತ್ತಾರೆ. ಅದನ್ನು ಒಂದು ಪ್ರೋಗ್ರಾಂ ತಾನಾಗಿಯೇ ಕೇಳಿ ತಿಳಿಯುವ ವಿಧಾನವು ಅರ್ಧ ಶತಮಾನದಲ್ಲಿ, ಹಲವು ಪೆಟ್ಟುಗಳನ್ನು ತಿಂದ ಮೇಲೆ, ಇಂದಿನ ರೂಪಕ್ಕೆ ಬಂದಿದೆ.

ಗಣಕದೊಳಗೆ ಕಾಲವನ್ನು ಅಳೆಯುವ ಬಗೆ ಎರಡು. ಒಂದು ಪಂಚಾಂಗದ ಗಡಿಯಾರ, ಅಂದರೆ ಇಂದಿನ ದಿನಾಂಕವನ್ನೂ ಗಂಟೆಯನ್ನೂ ಹೇಳುವಂಥದ್ದು. ಇನ್ನೊಂದು ಎಣಿಕೆಯ ಗಡಿಯಾರ, ಅಂದರೆ ಯಂತ್ರ ಎದ್ದಾಗಿನಿಂದ ನಿಗದಿತ ಅಂತರಕ್ಕೊಮ್ಮೆ ಬೀಳುವ ಮಿಡಿತಗಳನ್ನು ಕೂಡಿಸುತ್ತ ಹೋಗುವಂಥದ್ದು. ಹಿಂದಿನ ಘಳಿಗೆ ಬಟ್ಟಲಿನ ಕ್ರಮವೂ ಎರಡನೆಯ ಬಗೆಯದೇ: ತಳದಲ್ಲಿ ತೂತಿರುವ ಬಟ್ಟಲು ನೀರಿನಲ್ಲಿ ಮುಳುಗಲು 24 ನಿಮಿಷ ಹಿಡಿಯುತ್ತಿದ್ದುದರಿಂದ, ಎಷ್ಟು ಸಲ ಮುಳುಗಿತು ಎಂದು ಎಣಿಸಿದವನಿಗೆ ತಿಥಿ ತಿಳಿಯದಿದ್ದರೂ ಕಳೆದ ಹೊತ್ತು ತಿಳಿಯುತ್ತಿತ್ತು.

1971ರಲ್ಲಿ ಬಂದ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಮೊದಲ ಆವೃತ್ತಿಯು ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಮಿಡಿತವಾಗಿ ಹಿಡಿದು, ಮೊತ್ತವನ್ನು 32 ಬಿಟ್‌ಗಳ, ಅಂದರೆ 32 ದ್ವಿಮಾನ ಅಂಕಿಗಳ, ಸ್ಥಳದಲ್ಲಿ ಇರಿಸಿತು; ಅಷ್ಟು ಸ್ಥಳವು ಎರಡೂಕಾಲು ವರ್ಷಕ್ಕೇ ತುಂಬಿಹೋಗುತ್ತಿದ್ದುದರಿಂದ ಮುಂದೆ ಪೂರ್ಣ ಸೆಕೆಂಡುಗಳನ್ನು ಎಣಿಸುವ ಕ್ರಮ ಬಂದಿತು. ಬರ್ಕ್ಲಿಯ ಯುನಿಕ್ಸ್ ಶಾಖೆಯ ಮೂರನೆಯ ಆವೃತ್ತಿಯಲ್ಲಿ ‘ಅಪ್‌ಟೈಮ್’ ಎಂಬ ಆದೇಶವೇ ಸೇರಿಕೊಂಡು, ಯಂತ್ರ ಎದ್ದು ಎಷ್ಟು ದಿನವಾಯಿತು ಎಂಬುದು ಪರದೆಯ ಮೇಲೆ ಕಾಣುವಂತಾಯಿತು. 1991ರಲ್ಲಿ ಹುಟ್ಟಿದ ಲಿನಕ್ಸ್‌ನಲ್ಲಿ ಇದೇ ಮಾಹಿತಿಯು ‘ಪ್ರಾಕ್’ ಎಂಬ ಕೋಶದ ‘ಅಪ್‌ಟೈಮ್’ ಕಡತದಲ್ಲಿ ಸಿಗುತ್ತದೆ. ಇದು ಡಿಸ್ಕಿನಲ್ಲಿ ಬರೆದಿಟ್ಟ ಕಡತವಲ್ಲ, ಓದಿದ ಕ್ಷಣದಲ್ಲಿ ವ್ಯವಸ್ಥೆಯ ತಿರುಳಾದ ಕರ್ನೆಲ್ ಸಿದ್ಧಪಡಿಸಿ ಕೊಡುವ ಉತ್ತರ. ಅದರಲ್ಲಿ ಇರುವುದು ಎರಡೇ ಸಂಖ್ಯೆಗಳು. ಮೊದಲನೆಯದು 183600.25 ಎಂದಿದ್ದರೆ ಯಂತ್ರ ಎದ್ದು ಎರಡು ದಿನ ಮೂರು ಗಂಟೆಯಾಗಿದೆ ಎಂದರ್ಥ. ಎರಡನೆಯದು ಸಂಸ್ಕಾರಕದ ಎಲ್ಲ ಕೋರ್‌ಗಳು ಕೆಲಸವಿಲ್ಲದೆ ಕಳೆದ ಸೆಕೆಂಡುಗಳ ಮೊತ್ತವಾದ್ದರಿಂದ, ನಾಲ್ಕು ಕೋರ್‌ಗಳ ಗಣಕದಲ್ಲಿ ಅದು ಮೊದಲನೆಯದಕ್ಕಿಂತ ದೊಡ್ಡದಾಗಿರುವುದೂ ಸಹಜ.

ಎಣಿಕೆಯ ಸ್ಥಳ ತುಂಬಿದಾಗ ಲೆಕ್ಕ ಮರಳಿ ಸೊನ್ನೆಗೆ ಬೀಳುತ್ತದೆ, ಮತ್ತು ಈ ಕ್ಷೇತ್ರದ ಪಾಠಗಳಲ್ಲಿ ಬಹುಪಾಲು ಕಲಿತದ್ದು ಅಲ್ಲಿಯೇ. ವಿಂಡೋಸ್‌ನ ‘ಗೆಟ್‌ಟಿಕ್‌ಕೌಂಟ್’ ಎಂಬ ಕರೆಯು ಮಿಲಿಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಕೊಡುತ್ತಿದ್ದುದರಿಂದ 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತಿತ್ತು. ವಿಂಡೋಸ್ 95 ಅಷ್ಟು ದಿನ ಸತತವಾಗಿ ಓಡಿದರೆ ಸ್ತಬ್ಧವಾಗುತ್ತದೆ ಎಂಬುದು ಬೆಳಕಿಗೆ ಬಂದು, ವಿಸ್ತಾ ಆವೃತ್ತಿಯಿಂದ 64 ಬಿಟ್‌ಗಳ ಹೊಸ ಕರೆಯನ್ನು ಒದಗಿಸಲಾಯಿತು. ಲಿನಕ್ಸ್ ನಿರ್ಮಾತೃಗಳು ಇನ್ನೂ ವಿವೇಕದ ದಾರಿ ಹಿಡಿದರು: ಮಿಡಿತದ ಎಣಿಕೆಯು ಸೊನ್ನೆಯಿಂದ ಶುರುವಾಗದೆ, ಯಂತ್ರ ಎದ್ದ ಐದೇ ನಿಮಿಷಕ್ಕೆ ತುಂಬಿ ಉರುಳುವಂಥ ಸಂಖ್ಯೆಯಿಂದ ಶುರುವಾಗುವಂತೆ ಮಾಡಿದ್ದರಿಂದ, ತಿಂಗಳುಗಟ್ಟಲೆ ಅಡಗಿರಬಹುದಾದ ದೋಷವು ಪರೀಕ್ಷೆಯ ಮೇಜಿನ ಮೇಲೆಯೇ ತಲೆ ತೋರಿಸತೊಡಗಿತು.

ಎಣಿಕೆಯ ಲೆಕ್ಕದಲ್ಲಾದ ದೋಷವು ಜೀವಹಾನಿಗೂ ಕಾರಣವಾಗಿದೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ, ಸುಮಾರು 100 ಗಂಟೆ ಬಿಡುವಿಲ್ಲದೆ ಓಡಿದ್ದ ಪೇಟ್ರಿಯಟ್ ಕ್ಷಿಪಣಿ ನಿರೋಧಕ ವ್ಯವಸ್ಥೆಯ ಗಣಕದಲ್ಲಿ, ಎದ್ದಾಗಿನಿಂದ ಎಣಿಸಿದ ಸೆಕೆಂಡಿನ ಹತ್ತನೆಯ ಭಾಗಗಳನ್ನು ಸೆಕೆಂಡಿಗೆ ಬದಲಿಸುವಾಗಿನ ಅತಿಸಣ್ಣ ತಪ್ಪು ಕೂಡುತ್ತ ಹೋಗಿ ಸುಮಾರು 0.34 ಸೆಕೆಂಡಾಯಿತು, ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಅದು ಗುರುತಿಸಲಾಗದೆ 28 ಸೈನಿಕರು ಪ್ರಾಣ ಕಳೆದುಕೊಂಡರು. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳು 248 ದಿನ ಸತತವಾಗಿ ವಿದ್ಯುತ್ ಪಡೆದರೆ ಒಟ್ಟಿಗೆ ನಿಂತುಹೋಗಬಹುದೆಂದು 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಎಚ್ಚರಿಸಬೇಕಾಯಿತು.

ಗದಗ ಸೀಮೆಯಂಥ ಕಡೆಗಳಲ್ಲಿ ತೊಡಕು ಇದಕ್ಕಿಂತ ಬೇರೆ ದಿಕ್ಕಿನಿಂದ ಬರುತ್ತದೆ, ಏಕೆಂದರೆ ಕರೆಂಟು ಹೋಗಿಬರುವ ಊರಿನಲ್ಲಿ ಯಂತ್ರವು ಮತ್ತೆ ಮತ್ತೆ ಏಳುತ್ತದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತಿರುವ ಹಳೆಯ ಗಣಕವು ಪ್ರತಿ ಸಲ ಏಳುವಾಗಲೂ ಯಾವುದೋ ಹಳೆಯ ವರ್ಷದ ದಿನಾಂಕವನ್ನು ಹಿಡಿಯುತ್ತದೆ. ನೆಟ್‌ವರ್ಕ್ ಸಿಕ್ಕೊಡನೆ ದಿನಾಂಕವು ಸರಿಹೋಗುತ್ತದೆಯಾದರೂ, ಎದ್ದ ಹೊತ್ತನ್ನು ಪಂಚಾಂಗದ ಗಡಿಯಾರದಿಂದ ಬರೆದಿಟ್ಟುಕೊಂಡ ಪ್ರೋಗ್ರಾಂ ವ್ಯವಕಲನ ಮಾಡಿ, ಈ ಯಂತ್ರ ಇಪ್ಪತ್ತು ವರ್ಷದಿಂದ ನಿಂತೇ ಇಲ್ಲ ಎಂದು ಸಾರಿಬಿಡಬಹುದು. ಕಳೆದ ಕಾಲವನ್ನು ಎಂದಿಗೂ ಹಿಂದಕ್ಕೆ ಹೋಗದ ಎಣಿಕೆಯ ಗಡಿಯಾರದಿಂದಲೇ ಅಳೆಯಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕಾಗಿ.

ಆ ನಿಯಮದಲ್ಲಿಯೂ ಒಂದು ಆಯ್ಕೆ ಉಳಿಯುತ್ತದೆ: ಯಂತ್ರ ನಿದ್ರಿಸಿದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕೇ, ಬಿಡಬೇಕೇ? ಲಿನಕ್ಸ್‌ನ ‘ಮಾನೋಟಾನಿಕ್’ ಗಡಿಯಾರ ಅದನ್ನು ಬಿಡುತ್ತದೆ, 2011ರಲ್ಲಿ ಸೇರಿದ ‘ಬೂಟ್‌ಟೈಮ್’ ಗಡಿಯಾರ ಹಿಡಿಯುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿಯೂ ಇದಕ್ಕಾಗಿ ಎರಡು ಬೇರೆ ಕರೆಗಳಿವೆ. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವು ಗಣಕವನ್ನು ಮುಚ್ಚಿದಾಗ ಕರ್ನೆಲ್‌ನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಡುವುದರಿಂದ, ಸಂಜೆ ಮುಚ್ಚಿ ಬೆಳಿಗ್ಗೆ ತೆರೆದರೂ ಅಪ್‌ಟೈಮ್ ಮುಂದುವರಿದೇ ಇರುತ್ತದೆ, ‘ರೀಸ್ಟಾರ್ಟ್’ ಮಾಡಿದರೆ ಅಥವಾ ಕರೆಂಟು ಹಠಾತ್ತನೆ ಹೋದರೆ ಸೊನ್ನೆಯಿಂದ ಶುರುವಾಗುತ್ತದೆ. ಆದ್ದರಿಂದ ಒಂದೇ ಕಚೇರಿಯ ಎರಡು ಗಣಕಗಳು ಎರಡು ಉತ್ತರ ಕೊಟ್ಟರೆ ಯಾವುದೂ ಸುಳ್ಳಾಗಿರಬೇಕಿಲ್ಲ. ಯಾವ ಗಡಿಯಾರವನ್ನು ಕೇಳಲಾಯಿತು ಎಂಬುದನ್ನು ಮೊದಲು ನೋಡಬೇಕು.

ಸಾರ್ವಜನಿಕ ಸೇವೆಗೆ ತಂತ್ರಾಂಶ ಬರೆಯುವವರು ಕೊನೆಗೆ ಗಮನಿಸಬೇಕಾದದ್ದು ಇಷ್ಟು. ಅಪ್‌ಟೈಮ್ ಎಂಬುದು ಯಂತ್ರ ಎದ್ದಿದೆ ಎನ್ನುತ್ತದೆಯೇ ಹೊರತು ಸೇವೆ ನಡೆಯುತ್ತಿದೆ ಎನ್ನುವುದಿಲ್ಲ; ತಾಲ್ಲೂಕು ಕೇಂದ್ರದ ಗಣಕ ಬೆಳಗಿನಿಂದ ಓಡುತ್ತಿದ್ದರೂ ದೂರದ ಸರ್ವರಿನ ಸಂಪರ್ಕ ಕಡಿದಿದ್ದರೆ ಉತಾರ ಸಿಗುವುದಿಲ್ಲ. ಆದಕಾರಣ ಯಂತ್ರ ಎದ್ದ ಹೊತ್ತು, ನಿಂತ ಹೊತ್ತು, ಸಂಪರ್ಕ ಕಡಿದ ಹೊತ್ತು ಈ ಮೂರನ್ನೂ ತಾನಾಗಿಯೇ ದಾಖಲಿಸುವ ಕೆಲವೇ ಸಾಲುಗಳನ್ನು ಪ್ರತಿ ತಂತ್ರಾಂಶದಲ್ಲಿಯೂ ಸೇರಿಸಬೇಕು, ಮತ್ತು ಆ ದಾಖಲೆಯನ್ನು ಕಿಟಕಿಯ ಈಚೆ ಸಾಲಿನಲ್ಲಿ ನಿಂತವರಿಗೂ ಕಾಣುವಂತೆ ಇಡಬೇಕು. ಕೂಲಿ ಬಿಟ್ಟು ಬಸ್ಸು ಹತ್ತಿ ಬಂದ ರೈತನಿಗೆ ಯಂತ್ರ ಎಷ್ಟು ಹೊತ್ತಿನಿಂದ ನಿಂತಿದೆ ಎಂದು ತಿಳಿಯುವ ಹಕ್ಕಿದೆ.